ಚಿಕ್ಕಪ್ಪನ ಆನೆರಹಿತ ಪ್ರವಾಸ

ನಮ್ಮ ಚಿಕ್ಕಪ್ಪನಂಥ ಧೈರ್ಯಸ್ಥನನ್ನು ನಾನು ಕಂಡಿಲ್ಲ. ಗಣೇಶ ಚತುರ್ಥಿಯ ದಿನ ಗಣೇಶನಿಗೇ ಮನೆಯೊಳಗೆ ಪ್ರವೇಶವಿಲ್ಲ ಎಂದ ಇನ್ನೊಬ್ಬ ಮನುಷ್ಯ ಈ ಆಲೂರು ತಾಲ್ಲೂಕಿನಲ್ಲಿದ್ದರೆ ಕರೆದುಕೊಂಡು ಬನ್ನಿ, ಇಬ್ಬರಿಗೂ ಸೇರಿಸಿ ಹಾರ ಹಾಕೋಣ!

ಹೋದ ವರ್ಷದ ಹಬ್ಬದಲ್ಲಿ ಮಂಟಪದೊಳಗೆ ಗೌರಿ ಒಬ್ಬಳೇ ಕೂತಿದ್ದಳು. ಪೂಜೆಗೆ ಬಂದ ಐನೋರು ಮಂಟಪದ ಹಿಂದೆ ಮುಂದೆ ಬಗ್ಗಿ ನೋಡಿದರು.

"ಗಣಪತಿ ಎಲ್ಲಿ ಯಜಮಾನ್ರೇ?"

"ತೋಟಕ್ಕೆ ದಿನಾ ಬಂದು ಹೋಗ್ತಾ ಅವ್ರೆ ಸ್ವಾಮಿ. ಮನೆ ಒಳಕ್ಕೂ ಕರೀಬೇಕಾ?"

"ಹಂಗಂದ್ರೆ ಹೆಂಗ್ರೀ? ಮೊದಲ್ನೇ ಪೂಜೆ ಅವಂದೇ ಅಲ್ವಾ?"

"ಅವ್ರಪ್ಪ ದೇವರ ಮನೇಲವ್ನೆ. ನನ್ನ ಎದೆ ಮೇಲೂ ಅವ್ನೆ. ಮಗನ ಪಾಲಿಂದೂ ಅಪ್ಪನೇ ಈಸ್ಕೊಳ್ಲಿ ಬುಡಿ."

ಐನೋರು ಏನು ಹೇಳಿಯಾರು? ಗೌರಿಗೆ ಮಂಗಳಾರತಿ ಎತ್ತಿ, ಗಣಪತಿಯ ಲೆಕ್ಕದ ಕಡುಬನ್ನು ತಾವೇ ತಿಂದು ಹೋದರು.

ಮದುವೆ ಕಾರ್ಡು ಬಂದರೂ ಇದೇ ಪಾಡು. ಕಾರ್ಡಿನ ತುದಿಯಲ್ಲಿ ಗಣಪತಿ ಇರುತ್ತಾನಲ್ಲ, ಗೇಟಿನ ಹತ್ತಿರವೇ ಕತ್ತರಿ ಹಿಡಿದು ಆ ತುದಿಯನ್ನು ಕತ್ತರಿಸಿ ಬಿಸಾಡಿ ಆಮೇಲೆ ಒಳಗೆ ತರುತ್ತಾನೆ. ಒಂದು ಸಲ ಹಿಂಬದಿಯಲ್ಲಿ ಅಚ್ಚಾಗಿದ್ದ ಛತ್ರದ ಹೆಸರೂ ಕತ್ತರಿಗೆ ಸಿಕ್ಕಿತು. ಹಾಸನಕ್ಕೆ ಬಂದವನು ಯಾವುದೋ ಛತ್ರಕ್ಕೆ ನುಗ್ಗಿ, ಯಾರದೋ ಮಗಳಿಗೆ ಅಕ್ಷತೆ ಹಾಕಿ, ಹೋಳಿಗೆ ಊಟ ಮುಗಿಸಿ, ಮುಯ್ಯಿ ಬರೆಸಿ ಊರಿಗೆ ವಾಪಸಾದ. ನಿಜವಾದ ಬೀಗರು ಇವತ್ತಿಗೂ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ.

ಚಿಕ್ಕಪ್ಪ ಆನೆಯ ಹೆಸರನ್ನು ಬಾಯಿಂದ ಆಡುವುದಿಲ್ಲ. "ಅವ್ರು" ಅನ್ನುತ್ತಾನೆ. ನನ್ನನ್ನು ಎತ್ತಿ ಆಡಿಸಿದವನಾದ್ದರಿಂದ ನಾನು ಅವನನ್ನು ಏಕವಚನದಲ್ಲೇ ಕರೆಯುವುದು. ಬಹುವಚನವನ್ನೆಲ್ಲ ಅವನು ಆನೆಗೇ ದಾನ ಮಾಡಿಬಿಟ್ಟಿದ್ದಾನೆ, ಅವನಿಗೆ ಕೊಡಲು ನನ್ನ ಹತ್ತಿರ ಉಳಿದಿಲ್ಲ. ನಾನು ಹಾಸನದಲ್ಲಿ ಮಕ್ಕಳಿಗೆ ಗಣಿತ ಹೇಳುವವಳು, ನನಗೆ ಇಂಥ ಆಟಗಳಿಗೆ ತಾಳ್ಮೆ ಸಾಲದು. "ನಾಕು ಕಾಲಿನ ಪ್ರಾಣಿ ಚಿಕ್ಕಪ್ಪಾ, ಹೆಸರು ಹೇಳಿದ್ರೆ ಓಡಿ ಬಂದ್ಬಿಡುತ್ತಾ?" ಎಂದು ಎಷ್ಟೋ ಸಲ ರೇಗಿದ್ದೇನೆ. ಅವನು ಅಡಿಕೆ ಅಗಿಯುತ್ತಾ ಕಿಟಕಿಯಿಂದ ಆಚೆ ನೋಡುತ್ತಾನೆ.

ಹಿಂದೊಮ್ಮೆ ಪಕ್ಕದ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ ಹೆಂಗಸೊಬ್ಬಳು ನೀರಿಗೆಂದು ಹೋದವಳು ವಾಪಸು ಬರಲಿಲ್ಲ. ಹೆಣವನ್ನು ಹೆದ್ದಾರಿಯ ಮೇಲೆ ಇಟ್ಟುಕೊಂಡು ಜನ ಕೂತರು. ನಮ್ಮ ಕಡೆ ಇದೂ ಒಂದು ಪದ್ಧತಿಯೇ ಆಗಿಹೋಗಿದೆ. ದೊಡ್ಡ ಸಾಹೇಬರು ಬರುವವರೆಗೂ ಹೆಣ ಎತ್ತುವುದಿಲ್ಲ. "ಆನೆ ಓಡಿಸಿ, ಜನ ಉಳಿಸಿ" ಎಂದು ಎಲ್ಲರೂ ಕೂಗುತ್ತಿದ್ದರೆ, ಮುಂದಿನ ಸಾಲಿನಲ್ಲಿದ್ದ ಚಿಕ್ಕಪ್ಪ ಮೊದಲ ಪದವನ್ನು ನುಂಗಿಕೊಂಡು "ಓಡಿಸಿ! ಓಡಿಸಿ!" ಎಂದಷ್ಟೇ ಕೂಗುತ್ತಿದ್ದ. ಆಗ ತಾನೇ ಜೀಪಿನಿಂದ ಇಳಿದ ಸಾಹೇಬರು ತಮ್ಮನ್ನೇ ಓಡಿಸಲು ಹೇಳುತ್ತಿದ್ದಾನೆಂದು ತಿಳಿದು ಮತ್ತೆ ಜೀಪು ಹತ್ತಿ ಕೂತರು. ಹೆಣದ ಮುಂದೆ ಕೂತಿದ್ದವರಿಗೂ ನಗು ಬಂತು. ಸತ್ತವಳ ಗಂಡನೂ ನಕ್ಕ, ನಕ್ಕವನು ಹಾಗೇ ಮುಖ ಮುಚ್ಚಿಕೊಂಡು ಅತ್ತ.

ಇದಕ್ಕೆಲ್ಲ ಕಾರಣ ನಮ್ಮ ಚಿಕ್ಕಮ್ಮ. ಮೂರು ವರ್ಷದ ಹಿಂದೆ, ಮೆಣಸು ಕೊಯ್ಯುವ ಕಾಲದಲ್ಲಿ, ಗಂಡ ಹೆಂಡತಿ ಬೆಳಿಗ್ಗೆ ತೋಟಕ್ಕೆ ಹೋಗಿದ್ದರು. ಹಿಂದಿನಿಂದ ಬಂದ ಒಂಟಿ ಆನೆ ಚಿಕ್ಕಮ್ಮನನ್ನು ಎತ್ತಿ ಎಸೆಯಿತು. ಅದೇನು ಮನಸ್ಸು ಬಂತೋ, ತುಳಿಯದೆ ಹೋಯಿತು. ಸೊಂಟ ಮುರಿದಿತ್ತು, ಬಲಗಾಲು ಮುರಿದಿತ್ತು. ಹಾಸನದ ಆಸ್ಪತ್ರೆ ಆಯಿತು, ಮಂಗಳೂರಿನ ಆಸ್ಪತ್ರೆ ಆಯಿತು, ಮೈಯೊಳಗೆ ಕಬ್ಬಿಣ ಸೇರಿತು. ಮನೆಗೆ ಬಂದವಳು ಅವತ್ತಿನಿಂದ ಗೇಟು ದಾಟಿರಲಿಲ್ಲ. ಊರಿನಲ್ಲಿ ಸಾವಾಗಲಿ ಮದುವೆಯಾಗಲಿ, ಕೋಲೂರಿಕೊಂಡು ಗೇಟಿನವರೆಗೆ ಬಂದು, ಕಂಬಿ ಹಿಡಿದು ನಿಂತು, ತಿರುಗಿ ಹೋಗುತ್ತಿದ್ದಳು. ಹೆದರಿದ್ದಾಳೆ, ಪಾಪ, ಎಂದು ನಾವೆಲ್ಲ ಅಂದುಕೊಂಡೆವು. ಅವಳ ಮುಂದೆ ಆ ಹೆಸರು ಎತ್ತಬಾರದೆಂದು ಇಡೀ ಕುಟುಂಬಕ್ಕೆ ಚಿಕ್ಕಪ್ಪನ ಕಟ್ಟಪ್ಪಣೆಯಾಯಿತು.

ಅವನ ವಿಚಿತ್ರಗಳೆಲ್ಲ ಶುರುವಾದದ್ದು ಆಮೇಲೆಯೇ. ಹಲಸಿನ ವಾಸನೆಗೆ "ಅವ್ರು" ಬರುತ್ತಾರೆಂದು ಅಂಗಳದ ಹಲಸಿನ ಮರ ಕಡಿಸಿದ. ಬೇರೆಯವರ ಮನೆಯಲ್ಲಿ ಹಲಸು ತಿಂದು ಬಂದ ನೆಂಟರನ್ನು ಬಚ್ಚಲಿಗೆ ಅಟ್ಟಿ ಸೋಪು ಕೊಟ್ಟ. ಎಲ್ಲಕ್ಕಿಂತ ದೊಡ್ಡ ವಿಚಿತ್ರ ಎಂದರೆ, ಚಿಕ್ಕಮ್ಮ ಅಂಗಳದಲ್ಲಿ ನಡೆಯುವಾಗ ಅವಳ ಮುಂದೆ ಇವನು ಹಿಮ್ಮುಖವಾಗಿ ನಡೆಯುತ್ತಾನೆ! ಅವಳ ಕಡೆಗೆ ಮುಖ, ದಾರಿಯ ಕಡೆಗೆ ಬೆನ್ನು. ಕೇಳಿದರೆ, "ಬಿದ್ರೆ ಹಿಡ್ಕೊಳ್ಳೋಕೆ ಬೇಕಲ್ಲ ಮಗಾ" ಅನ್ನುತ್ತಾನೆ. ಚಿಕ್ಕಮ್ಮ ಇದುವರೆಗೂ ಬಿದ್ದಿಲ್ಲ. ಚಿಕ್ಕಪ್ಪ ಗೊಬ್ಬರದ ಗುಂಡಿಗೆ, ಕಾಫಿ ಕಣದ ಚರಂಡಿಗೆ, ಒಂದು ಸಲ ನಾಯಿಯ ಮೇಲೆ ಬಿದ್ದಿದ್ದಾನೆ.

ಹೀಗಿರುವಾಗ ಮೇ ತಿಂಗಳಲ್ಲಿ ಅವನ ಫೋನು ಬಂತು.

"ನಿನ್ ಚಿಕ್ಕಮ್ಮ ಗೇಟ್ ದಾಟ್ತೀನಿ ಅಂದವ್ಳೆ ಮಗಾ! ಘಟ್ಟದ ಕೆಳಗೆ ಪುತ್ತೂರಿನ ಕಡೆ ಬಿಸಿನೀರಿನ ಚಿಲುಮೆ ಐತಂತೆ. ಭೂಮಿಯಿಂದ ತಾನಾಗೇ ಬಿಸಿ ಬಿಸಿ ಬತ್ತದಂತೆ. ಮೂಳೆಗೆ ಒಳ್ಳೇದಂತೆ. ಕಾರ್ ತಗಂಡ್ ಬಾ."

ಇದನ್ನೇ ಉಸಿರು ಬಿಡದೆ ಮೂರು ಸಲ ಹೇಳಿದ. ಮೇ ತಿಂಗಳ ಬಿಸಿಲಿನಲ್ಲಿ, ಕೂತಲ್ಲೇ ಬೆವರು ಸುರಿಯುವ ಸೀಮೆಗೆ, ಬಿಸಿನೀರು ಹುಡುಕಿಕೊಂಡು ಹೋಗುವವರು ಯಾರಾದರೂ ಇದ್ದಾರೆಯೇ? ಆದರೆ ಆ ಸಂಭ್ರಮ ಕೇಳಿದ ಮೇಲೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಗಂಡ ದಾವಣಗೆರೆಯವರು. ಅವರ ಕಡೆ ಕಾಡುಪ್ರಾಣಿ ಎಂದರೆ ಹಂದಿ, ಅದೂ ಬಸ್ ಸ್ಟ್ಯಾಂಡಿನಲ್ಲಿ. ಘಟ್ಟದ ದಾರಿ ಎಂದದ್ದೇ ತಡ ಒಂದು ದುರ್ಬೀನು ಕೊಂಡು ಕೊರಳಿಗೆ ನೇತು ಹಾಕಿಕೊಂಡರು. ಕಾಡಾನೆ ನೋಡಲೇಬೇಕೆಂಬುದು ಅವರ ಹಟ. ಕಾಡಾನೆ ಕಾಣಲೇಬಾರದೆಂಬುದು ಚಿಕ್ಕಪ್ಪನ ಹಟ. ಒಂದೇ ಕಾರು.

ಚಿಕ್ಕಪ್ಪನ ತಯಾರಿ ಎಷ್ಟಿತ್ತೆಂದರೆ ಮಂತ್ರಿಗಳ ಪ್ರವಾಸಕ್ಕೂ ಅಷ್ಟಿರುವುದಿಲ್ಲ. ಮಗ್ಗೆಯ ಟೀ ಅಂಗಡಿಗೆ ಫೋನು, ಸಕಲೇಶಪುರದ ಗ್ಯಾರೇಜಿಗೆ ಫೋನು, ಮಾರನಹಳ್ಳಿಯ ಹೋಟೆಲಿಗೆ ಫೋನು. "ಅವ್ರೇನಾದ್ರೂ ಬಂದವ್ರಾ ಆ ಕಡೆ? ಇಲ್ವಾ? ಗ್ಯಾರಂಟೀನಾ?" ಆನೆ ಎಲ್ಲಿದೆ ಎಂದು ತಿಳಿಸುವ ಒಂದು ವಾಟ್ಸಾಪ್ ಗುಂಪಿದೆ, ನಮ್ಮ ಕಡೆ ಜನ ಹಲ್ಲುಜ್ಜುವ ಮೊದಲು ಅದನ್ನು ನೋಡುತ್ತಾರೆ. ಎಲ್ಲಾ ವಿಚಾರಣೆ ಮುಗಿಸಿ, ಆ ಗುಂಪಿನ 'ಟಿಂಗ್' ಸದ್ದು ಕೇಳಿ ಚಿಕ್ಕಮ್ಮ ಬೆಚ್ಚಬಾರದೆಂದು ಫೋನನ್ನು ಸೈಲೆಂಟ್ ಮಾಡಿ, ಜೇಬಿನ ತಳಕ್ಕೆ ತುರುಕಿಕೊಂಡ.

ಹೊರಡುವ ದಿನ ಗೇಟಿನ ಹೊರಗೇ ಕಾರು ನಿಲ್ಲಿಸಿದ್ದೆವು. ಚಿಕ್ಕಮ್ಮ ಕೋಲೂರಿಕೊಂಡು ಬಂದಳು. ಚಿಕ್ಕಪ್ಪ ಮಾಮೂಲಿನಂತೆ ಹಿಂದ್ಹಿಂದೆ ಹೆಜ್ಜೆ ಇಡುತ್ತಾ ಬಂದು, ಕಾರಿಗೆ ಢೀ ಎಂದು ಬೆನ್ನು ಹೊಡೆಸಿಕೊಂಡ. ಚಿಕ್ಕಮ್ಮ ನಿಂತಳು. ರಸ್ತೆಯನ್ನು ನೋಡಲಿಲ್ಲ, ತೋಟವನ್ನೂ ನೋಡಲಿಲ್ಲ. ಗಂಡನನ್ನೇ ಒಂದು ಗಳಿಗೆ ದಿಟ್ಟಿಸಿ, "ಮೊದ್ಲು ನೀವು ಹತ್ಕೊಳ್ರೀ" ಅಂದಳು. ಅವನು ಮುಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ತಾನು ಗೇಟು ದಾಟಿ, ನನ್ನ ಪಕ್ಕ ಹಿಂದಿನ ಸೀಟಿನಲ್ಲಿ ಬಂದು ಕೂತಳು.

ಕಾರು ಹೊರಟಿತು. ಚಿಕ್ಕಪ್ಪ ಸೀಟಿನ ಮೇಲೆ ಪೂರ್ತಿ ತಿರುಗಿ, ಬೆನ್ನನ್ನು ರಸ್ತೆಗೆ ಕೊಟ್ಟು, ಚಿಕ್ಕಮ್ಮನ ಕಡೆ ಮುಖ ಮಾಡಿ ಮಂಡಿಯೂರಿದ. ನನ್ನ ಗಂಡ, "ಚಿಕ್ಕಪ್ಪಾ, ಬೆಲ್ಟ್ ಹಾಕ್ಕೋಬೇಕ್ರಿ" ಎಂದರು.

"ಈ ಕಡೆಯಿಂದ ಹಾಕಕ್ಕೆ ಬತ್ತದಾ ನೋಡಿ ಅಳಿಮಯ್ಯ!"

ಹೀಗೆ ಸಕಲೇಶಪುರ ದಾಟಿದೆವು, ಮಾರನಹಳ್ಳಿ ದಾಟಿದೆವು, ಶಿರಾಡಿ ಇಳಿದೆವು. ಮುಂದೆ ಏನು ಬರುತ್ತಿದೆ ಎಂದು ನಾವು ಹೇಳಬೇಕು, ಹಿಂದೆ ಏನು ಹೋಯಿತು ಎಂದು ಅವನು ಹೇಳುತ್ತಾನೆ. ವನ್ಯಪ್ರಾಣಿಗಳ ವಿವರಣೆಯ ಜವಾಬ್ದಾರಿಯನ್ನೂ ಅವನೇ ಹೊತ್ತುಕೊಂಡ. ತಿರುವಿನಲ್ಲಿ ಒಂದು ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿತು. ಕಾರು ನಿಲ್ಲಿಸಿದರು ನನ್ನ ಗಂಡ.

"ನೋಡಿ ಅಳಿಮಯ್ಯ, ಎಷ್ಟು ಅಚ್ಚುಕಟ್ಟಾಗೈತೆ. ಪ್ರಾಣಿ ಅಂದ್ರೆ ಈ ಸೈಜಿರ್ಬೇಕು. ಇದಕ್ಕಿಂತ ದೊಡ್ಡದು ಮಾಡಿದ್ದೇ ದೇವ್ರ ತಪ್ಪು."

ಒಂದು ಮಂಗಟ್ಟೆ ಹಕ್ಕಿ ಕಣಿವೆಯ ಮೇಲೆ ಸದ್ದು ಮಾಡಿಕೊಂಡು ಹಾರಿಹೋಯಿತು. "ಗಂಡ ಹಣ್ಣು ತಂದು ಹೆಂಡ್ತಿಗೆ ತಿನ್ನುಸ್ತಾನಂತೆ, ಪೊಟರೇಲಿ ಕೂರ್ಸಿ," ಎಂದು ನನ್ನ ಗಂಡ ಹೇಳಿದರು, ಎಲ್ಲೋ ಓದಿದ್ದನ್ನು. ಚಿಕ್ಕಪ್ಪ ತಲೆ ತೂಗಿದ. "ಒಳ್ಳೇ ಗಂಡ್ಸು" ಎಂದ. ನನ್ನ ಗಂಡ ದುರ್ಬೀನನ್ನು ಕಾಡಿನ ಆಳಕ್ಕೆ ತಿರುಗಿಸಿದ ಕೂಡಲೇ ಮಾತ್ರ ಚಿಕ್ಕಪ್ಪನ ಅಂಗೈ ಅದರ ಮುಂದೆ ಬಂತು. "ಅಷ್ಟು ದೂರದ್ದು ಬ್ಯಾಡ. ಹತ್ರ ಇರೋದು ನೋಡಿ ಸಾಕು."

ಇನ್ನು ಬಿಸಿನೀರಿನ ಚಿಲುಮೆ. ಅಡಿಕೆ ತೋಟದ ಪಕ್ಕದಲ್ಲಿ ಕಲ್ಲು ಕಟ್ಟಿದ ಒಂದು ಕೊಳ. ಮೆಟ್ಟಿಲ ಮೇಲೆ ಒಬ್ಬ ವೃದ್ಧರು ಕೂತಿದ್ದರು. ಚಿಕ್ಕಪ್ಪ ಭಕ್ತಿಯಿಂದ ಬಗ್ಗಿ, ಸುಟ್ಟೀತೆಂದು ಹೆದರಿ ಒಂದೇ ಬೆರಳು ಅದ್ದಿದ. ಆಮೇಲೆ ಐದೂ ಬೆರಳು. ಆಮೇಲೆ ಮೊಣಕೈವರೆಗೆ. ನಾನೂ ಮುಟ್ಟಿದೆ. ಮರೆತು ಇಟ್ಟ ಚಹಾ ಇದಕ್ಕಿಂತ ಬಿಸಿಯಾಗಿರುತ್ತದೆ.

"ಮೊದಲೆಲ್ಲ ಕೈ ಇಡ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ್ರೇ," ಎಂದರು ವೃದ್ಧರು. "ಈಗ ಸುತ್ತ ಎಲ್ಲ ಬೋರ್‌ವೆಲ್ ಅಲ್ವಾ, ಬಿಸಿ ಹೋಯ್ತು ಅಂತಾರೆ. ನೀರಾದ್ರೂ ಉಂಟಲ್ಲ, ಅದೇ ಪುಣ್ಯ."

ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ. ಮೂರು ವರ್ಷದಲ್ಲಿ ಒಂದು ಸಲ ಹೆಂಡತಿ ಗೇಟು ದಾಟಿದ್ದಾಳೆ, ಭೂಮಿಯ ಹೊಟ್ಟೆಯೊಳಗಿನ ಬೆಂಕಿಯೂ ಇವತ್ತೇ ಆರಬೇಕೇ? ಅವನು ಕೈ ಒರೆಸಿಕೊಂಡು, "ಇರು, ಬಂದೆ" ಎಂದು ನನ್ನ ಗಂಡನನ್ನು ಎಳೆದುಕೊಂಡು ರಸ್ತೆಯ ಕಡೆ ಓಡಿದ.

ನಾನೂ ಚಿಕ್ಕಮ್ಮನೂ ಮೆಟ್ಟಿಲ ಮೇಲೆ ಉಳಿದೆವು. ಅವಳು ಸೀರೆ ಎತ್ತಿ ಕಾಲನ್ನು ನೀರಿಗೆ ಬಿಟ್ಟಳು. ಮೊಣಕಾಲಿನಿಂದ ಕೆಳಗೆ ಹೊಲಿಗೆಯ ಗುರುತು ಉದ್ದಕ್ಕೂ ಇಳಿದಿತ್ತು. ನನಗೆ ಅಳು ಬಂತು, ತಡೆದುಕೊಂಡೆ.

"ಹೋಗ್ಲಿ ಬುಡು ಚಿಕ್ಕಮ್ಮ. ಗೇಟ್ ದಾಟಿದ್ಯಲ್ಲ, ಅಷ್ಟೇ ಸಾಕು. ಹೆದ್ರಿಕೆ ಹೋಯ್ತಲ್ಲ."

"ಯಾರಿಗೆ ಹೆದ್ರಿಕೆ? ನಂಗಾ?" ಎಂದಳು. "ನಾನು ಆನೇನ ನೋಡೇ ಇಲ್ಲ ಕಣೇ."

ನಾನು ಬೆಚ್ಚಿಬಿದ್ದೆ. ಆ ಪದ ಅಷ್ಟು ಸಲೀಸಾಗಿ ಅವಳ ಬಾಯಿಂದ ಬಂದಿತ್ತು.

"ನೀನು ಹೆಸರು ಹೇಳ್ತೀಯಾ?"

"ಆನೇನ ಆನೆ ಅನ್ದೆ ಇನ್ನೇನಂತಾರೆ! ನಿನ್ ಚಿಕ್ಕಪ್ಪಂಗೋಸ್ಕರ ನಾನು ಬಾಯ್ ಮುಚ್ಕಂಡಿರೋದು." ನೀರಿನಲ್ಲಿ ಕಾಲು ಆಡಿಸುತ್ತಾ ಹೇಳಿದಳು. "ಅವತ್ತು ಅವ್ರು ಮುಂದೆ, ನಾನು ಹಿಂದೆ. ಏನೋ ಹೇಳಕೆ ಅಂತ ತಿರುಗಿದ್ರು. ಬಾಯಿ ತೆಗೆದ್ರು, ಮಾತೇ ಬರ್ಲಿಲ್ಲ. ಕಣ್ಣು ಹಿಂಗೆ ಬುಟ್ಕಂಡು, ಬಾಯಿ ತೆಕ್ಕಂಡು ನಿಂತ್ರು. ನಿಂಗೊತ್ತಲ್ಲ ಅವ್ರ ಕೋತಿ ಆಟ, ಮದ್ವೆಯಾದಾಗಿಂದ ಮುಖ ಸೊಟ್ಟ ಮಾಡಿ ನನ್ನ ನಗ್ಸೋದು. ಇದೂ ಅದೇ ಅನ್ಕಂಡೆ. ನಕ್ಕೆ ಕಣೇ. ನಗ್ತಾ ಇರೋವಾಗ್ಲೇ ಎತ್ ಬಿಸಾಕ್ಬುಡ್ತು."

ಅವಳು ಕೊಳದ ನೀರನ್ನು ಬೊಗಸೆಯಲ್ಲಿ ಎತ್ತಿ ಮೊಣಕಾಲಿಗೆ ಹಾಕಿಕೊಂಡಳು.

"ನಂದು ಕಾಲು ಹೋಯ್ತು, ಅವ್ರದ್ದು ಬಾಯಿ ಹೋಯ್ತು. ನೋಡಿದೋರು ಅವ್ರು, ನಾನಲ್ಲ. ಒಂದ್ ಮಾತು ಕೂಗಿದ್ರೆ ನಾನು ಪಕ್ಕಕ್ಕೆ ಬೀಳ್ತಿದ್ದೆ ಅಂತ ಅವ್ರ ಹೊಟ್ಟೇಲಿ ಕೂತದೆ. ಹಿಂದ್ಹಿಂದೆ ನಡಿಯೋದು ಯಾಕನ್ಕಂಡೆ? ನನ್ನ ಬೆನ್ನ ಹಿಂದೆ ನೋಡ್ತಾ ಇರ್ತಾರೆ, ಮೂರು ವರ್ಷದಿಂದ."

"ಮತ್ತೆ ಗೇಟ್ ಯಾಕೆ ದಾಟ್ತಿರ್ಲಿಲ್ಲ ನೀನು?"

"ದಾಟಿದ್ರೆ ಅವ್ರು ಹಿಂದ್ಹಿಂದೆ ನಡ್ಕಂಡು ರೋಡಿಗೇ ಬತ್ತಾರಲ್ಲೇ! ಆನೆ ಬುಟ್ಟೋಗಿದ್ದನ್ನ ಲಾರಿಗೆ ಕೊಡ್ಲಾ?" ಎಂದು ನಕ್ಕಳು. ನಗು ಬೇಗ ಮುಗಿಯಿತು. "ಒಂದು ಸಲ ಬಾಯ್ಬುಟ್ಟು ಆನೆ ಅಂದ್ಬುಟ್ರೆ ಹಗುರಾಗ್ತಾರೆ ಅಂತ ನಾನು. ಮನೇಲಂತೂ ಆಗ್ಲಿಲ್ಲ. ಬೇರೆ ಕಡೆ ಕರ್ಕಂಡ್ ಹೋದ್ರೆ ಆಗುತ್ತೇನೋ ಅಂತ ಬಂದೆ. ಕಾಲಿಗೇನು, ಕಬ್ಬಿಣ ಐತೆ, ನಡೀತದೆ."

ಯಾರು ಯಾರನ್ನು ಪ್ರವಾಸಕ್ಕೆ ಕರೆದುಕೊಂಡು ಬಂದಿದ್ದರು! ಇಷ್ಟು ದಿನ ನಾವೆಲ್ಲ ಪಾಪ ಪಾಪ ಎಂದದ್ದು ತಪ್ಪು ಮನುಷ್ಯರಿಗೆ ಎಂದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ನನ್ನ ಗಂಡ ಬಕೆಟ್ಟು ಹೊತ್ತುಕೊಂಡು ಬಂದರು. ಹಬೆ ಏಳುತ್ತಿತ್ತು. ಹಿಂದೆ ಚಿಕ್ಕಪ್ಪ ಪ್ಲಾಸ್ಟಿಕ್ ಬೇಸಿನ್ನು ಹಿಡಿದಿದ್ದ. ಹತ್ತಿರದ ಹೋಟೆಲಿನಿಂದ ತಂದ ನೀರು, ಅದಕ್ಕೆ ಸಾಂಬಾರಿನ ವಾಸನೆ. ಚಿಕ್ಕಪ್ಪ ಕೊಳದ ನೀರು ಅರ್ಧ, ಹೋಟೆಲಿನ ನೀರು ಅರ್ಧ ಬೆರೆಸಿ, ಚಿಕ್ಕಮ್ಮನ ಕಾಲನ್ನು ಎತ್ತಿ ಅದರೊಳಗೆ ಇಟ್ಟ.

"ಇದ್ಯಾವ ಚಿಲುಮೆದ್ರೀ?" ಎಂದಳು.

"ಎಲ್ಲಾ ಭೂಮ್ತಾಯಿದೇ ಕಣೇ. ಸ್ವಲ್ಪ ಹೋಟ್ಲಿನ ದಾರೀಲಿ ಬಂದೈತೆ ಅಷ್ಟೆ."

ಚಿಕ್ಕಮ್ಮ ಕಣ್ಣು ಮುಚ್ಚಿ, "ಆಹಾ, ಹಿತವಾಗೈತೆ" ಅಂದಳು. ವೃದ್ಧರು ಇದನ್ನೆಲ್ಲ ನೋಡಿ ತಮಗೂ ಒಂದು ಬಕೆಟ್ಟು ತರಿಸಿಕೊಳ್ಳಬಹುದಿತ್ತೆಂಬ ಮುಖ ಮಾಡಿದರು.

ಆ ವೃದ್ಧರೇ ಹಲಸಿನ ತೊಳೆ ಕೊಟ್ಟರು. ಚಿಕ್ಕಮ್ಮ ಮೂರು ವರ್ಷದ ಬಾಕಿ ತೀರಿಸಿಕೊಳ್ಳುವವಳಂತೆ ತಿಂದಳು. ಚಿಕ್ಕಪ್ಪ ತಡೆಯಲಿಲ್ಲ. ಆದರೆ ಕಾರು ಹತ್ತುವ ಮೊದಲು ಎಲ್ಲರ ಕೈಗೂ ಕೊಬ್ಬರಿ ಎಣ್ಣೆ ಹಚ್ಚಿಸಿ, ಸೋಪು ಹಾಕಿಸಿ, ಒಬ್ಬೊಬ್ಬರ ಅಂಗೈಯನ್ನೂ ತಾನೇ ಮೂಸಿ ನೋಡಿ ಒಳಗೆ ಬಿಟ್ಟ. ನನ್ನ ಗಂಡನಿಗೆ ಎರಡು ಸಲ ತೊಳೆಸಿದ.

ಬೆಳಕಿರುವಾಗಲೇ ಮನೆ ಸೇರುವುದೆಂದು ಚಿಕ್ಕಪ್ಪನ ಯೋಜನೆ. ಆದರೆ ಶಿರಾಡಿ ರಸ್ತೆ ಯಾರ ಯೋಜನೆಯನ್ನು ಕೇಳಿದೆ? ತಿರುವಿನಲ್ಲಿ ಒಂದು ಲಾರಿ ಅಡ್ಡ ಮಲಗಿತ್ತು. ಅದನ್ನು ಎಬ್ಬಿಸುವಷ್ಟರಲ್ಲಿ ಹೊತ್ತು ಇಳಿಯಿತು. ಮಾರನಹಳ್ಳಿಗೆ ಬಂದಾಗ ಸೂರ್ಯ ಇರಲಿಲ್ಲ. ಸಕಲೇಶಪುರ ದಾಟಿ ಮಗ್ಗೆಯ ರಸ್ತೆಗೆ ತಿರುಗಿದಾಗ ಎರಡೂ ಕಡೆಯ ಕಾಫಿ ತೋಟಗಳು ಮಸುಕಾಗಿದ್ದವು. ಚಿಕ್ಕಪ್ಪ ಮಾತಾಡುವುದನ್ನು ನಿಲ್ಲಿಸಿದ್ದ. ಸೀಟಿನ ಬೆನ್ನನ್ನು ತಬ್ಬಿಕೊಂಡು, ಚಿಕ್ಕಮ್ಮನ ಹಿಂದಿನ ಗಾಜನ್ನೇ ನೋಡುತ್ತಿದ್ದ.

ಒಂದು ಕಡೆ ಇಬ್ಬರು ಅರಣ್ಯ ಕಾವಲುಗಾರರು ಟಾರ್ಚು ಬೀಸಿ ನಿಲ್ಲಿಸಿದರು.

"ಮೆಸೇಜ್ ನೋಡ್ಲಿಲ್ವೇನ್ರೀ? ಆಗ್ಲೇ ಹಾಕಿದೀವಿ. ಮುಂದೆ ಗುಂಪು ದಾಟ್ತದೆ. ಲೈಟ್ ಆಫ್ ಮಾಡಿ, ಯಾರೂ ಇಳೀಬ್ಯಾಡಿ."

ಸೈಲೆಂಟ್ ಫೋನು ಚಿಕ್ಕಪ್ಪನ ಜೇಬಿನ ತಳದಲ್ಲಿತ್ತು. ಅವನ ಮುಖದ ರಕ್ತ ಇಳಿದುಹೋದದ್ದು ಆ ಮಬ್ಬಿನಲ್ಲೂ ಕಂಡಿತು. ನನ್ನ ಗಂಡ ದೀಪ ಆರಿಸಿ, ದುರ್ಬೀನು ಕಣ್ಣಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದರು. ನಾನೂ ಮುಂದೆ ನೋಡಿದೆ. ಕಾವಲುಗಾರರೂ ಮುಂದೆ ನೋಡುತ್ತಿದ್ದರು. ಹಿಂದೆ ನೋಡುತ್ತಿದ್ದವನು ಚಿಕ್ಕಪ್ಪ ಒಬ್ಬನೇ.

ಕಾಫಿ ಗಿಡಗಳು ಮುರಿಯುವ ಸದ್ದು ಬಂದದ್ದು ನಮ್ಮ ಬೆನ್ನ ಹಿಂದಿನಿಂದ.

ನಾನು ತಿರುಗಲಿಲ್ಲ, ತಿರುಗುವ ಧೈರ್ಯ ಬರಲಿಲ್ಲ. ಚಿಕ್ಕಪ್ಪನ ಮುಖ ನೋಡಿದೆ. ಕಣ್ಣುಗಳು ಅಗಲವಾಗಿದ್ದವು. ಬಾಯಿ ತೆರೆದಿತ್ತು. ಒಳಗಿಂದ ಏನೂ ಬರುತ್ತಿರಲಿಲ್ಲ. ಚಿಕ್ಕಮ್ಮ ಮಧ್ಯಾಹ್ನ ಹೇಳಿದ ಆ ಮುಖವೇ ನನ್ನೆದುರಿಗಿತ್ತು. ಅವಳೂ ಹಿಂದೆ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು. ಈ ಸಲ ನಗುತ್ತಿರಲಿಲ್ಲ.

"ಏನ್ರೀ?" ಎಂದಳು ಮೆಲ್ಲಗೆ. "ನನ್ನ ಹಿಂದೆ ಏನೈತ್ರೀ?"

ಅವನು ಸೀಟಿನ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ಆ..." ಎಂದ. "ಆನೆ."

ಆಮೇಲೆ ತಡೆಯಲಾಗಲಿಲ್ಲ. "ಆನೆ ಕಣೇ! ನಿನ್ನ ಹಿಂದೆ ಆನೆ ಐತೆ! ಪಕ್ಕಕ್ಕೆ ಬಾರೇ! ಓಡೇ, ಓಡೇ, ಆನೆ..." ಗಾಜು ಮುಚ್ಚಿದ ಕಾರಿನೊಳಗೆ, ಮೂರು ವರ್ಷದ ಹಿಂದಿನ ಆ ಬೆಳಿಗ್ಗೆಗೆ, ನಮ್ಮ ಚಿಕ್ಕಪ್ಪ ಮಂಡಿಯೂರಿ ಕೂಗುತ್ತಿದ್ದ. ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನ ಗಂಡ ದುರ್ಬೀನು ಕೆಳಗಿಟ್ಟರು. ಕನ್ನಡಿಯಲ್ಲಿ ಒಂದು ದೊಡ್ಡ ಕಪ್ಪು ಮೈ, ಅದರ ಹೊಟ್ಟೆಯ ಕೆಳಗೆ ಒಂದು ಚಿಕ್ಕದು, ರಸ್ತೆ ದಾಟಿ ಆಚೆಯ ತೋಟಕ್ಕೆ ಇಳಿದವು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಚಿಕ್ಕಮ್ಮ ಮುಂದಕ್ಕೆ ಬಾಗಿ ಎರಡೂ ಕೈಯಿಂದ ಅವನ ಮುಖ ಹಿಡಿದುಕೊಂಡಳು. ಸೋಪಿನಲ್ಲಿ ತೊಳೆದರೂ ಆ ಕೈಗಳಲ್ಲಿ ಇನ್ನೂ ಹಲಸಿನ ಘಮವಿತ್ತು.

"ಕೇಳುಸ್ತು ಕಣ್ರೀ," ಎಂದಳು. "ಕೇಳುಸ್ತು. ಓಡಿ ಬಂದೆ ನೋಡಿ. ಇಲ್ಲೇ ಇದೀನಿ."